ಹಿರಿಯರಿಗೆ ಕಡೆಯ ಪಾಳಿ

ನಾನು ನಿಂತಿದ್ದು ನೀರಿನ ಟ್ಯಾಂಕಿನ ನೆರಳಿನಲ್ಲಿ, ಅವಳಿಂದ ಏಳು ಹೆಜ್ಜೆ ಪೂರ್ವಕ್ಕೆ. ಆಮೇಲೆ ಎರಡು ಸಲ ಅಳೆದು ನೋಡಿದ್ದೇನೆ. ನನ್ನ ಹೆಜ್ಜೆಯಲ್ಲಿ ಏಳೇ. ಡಿಸೆಂಬರ್ ತಿಂಗಳ ಶನಿವಾರ, ಬೆಳಗಿನ ಶಾಲೆ ಬಿಟ್ಟಾಗಿತ್ತು. ನನ್ನ ಕೈಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ ಇತ್ತು. ಜಾಗ, ಕುಷ್ಟಗಿಯಿಂದ ಹನುಮಸಾಗರಕ್ಕೆ ಹೋಗುವ ದಾರಿಯಲ್ಲಿರುವ ಒಂದು ಶಾಲೆಯ ಅಂಗಳ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿದ್ದವರಿಗೆ ಅದು ಗೊತ್ತು.

ಅವಳು ಎಂದರೆ ನಮ್ಮ ಸ್ಕೌಟ್ಸ್ ಮತ್ತು ಗೈಡ್ಸ್ ದಳದ ನಾಯಕಿ, ಒಂಬತ್ತನೆಯ ತರಗತಿಯ ಹುಡುಗಿ. ಅಪ್ಪ ಬಸ್ ನಿಲ್ದಾಣದ ಎದುರು ಬಟ್ಟೆ ಹೊಲಿಯುತ್ತಿದ್ದರು. ದಳದ ಸ್ಕಾರ್ಫುಗಳನ್ನೆಲ್ಲ ಹೊಲಿದುಕೊಟ್ಟವರು ಅವರೇ. ಆ ಶನಿವಾರದ ಸಭೆಯಲ್ಲಿ ಆ ಹುಡುಗಿ ಊರಿನ ಹಿರಿಯರೊಬ್ಬರ ಬಾಯಿ ಮುಚ್ಚಿಸಲು ಅವರ ಮುಖಕ್ಕೇ ಸೀಟಿ ಊದಿದಳು ಎಂಬ ಮಾತಿದೆ. ಮಾತು ಹೋಟೆಲಿನಲ್ಲಿ ಹುಟ್ಟಿ, ಶಾಲಾಭಿವೃದ್ಧಿ ಸಮಿತಿಗೆ ಬಂದು, ಅವಳ ಕೊರಳಿನ ಸೀಟಿ ಕಸಿದುಕೊಳ್ಳಬೇಕು ಎಂಬಲ್ಲಿಗೆ ಮುಟ್ಟಿತ್ತು. ಮೂರು ವರ್ಷದ ಮೇಲಾಯಿತು. ಹೋದ ತಿಂಗಳು ಯಲಬುರ್ಗಾದ ಮದುವೆಯೊಂದರಲ್ಲಿ ನನ್ನ ಪಕ್ಕದ ಎಲೆಗೆ ಕುಳಿತವರು ಇದೇ ಕಥೆಯನ್ನು ನಗುತ್ತ ಹೇಳಿದರು. ಆ ಸಭೆಯಲ್ಲಿ ನಾನಿದ್ದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಎಲೆಯ ಮೇಲಿದ್ದ ಗೋಧಿ ಹುಗ್ಗಿ ಹಾಗೇ ಬಿಟ್ಟು ಎದ್ದೆ. ಅಂದು ಕಂಡದ್ದನ್ನು ಕಂಡಷ್ಟೇ ಬರೆದಿಡುವುದಾಗಿ ತೀರ್ಮಾನಿಸಿದ್ದು ಕೈತೊಳೆಯುವ ನಲ್ಲಿಯ ಹತ್ತಿರ.

ಮೊದಲು ನಮ್ಮ ಸಭೆ ಹೇಗೆ ನಡೆಯುತ್ತಿತ್ತು ಎಂದು ಹೇಳಬೇಕು. ಅದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ದಳದ ಹೊಣೆ ನನಗೆ ಬಂದ ಮೊದಲ ವರ್ಷ ನಾನೇ ಸಭೆ ನಡೆಸುತ್ತಿದ್ದೆ. ನಡೆಸುತ್ತಿದ್ದೆ ಎನ್ನುವುದಕ್ಕಿಂತ ಹೇಳುತ್ತಿದ್ದೆ ಎನ್ನಬೇಕು. ಮಕ್ಕಳನ್ನು ಸಾಲಾಗಿ ಕೂಡಿಸಿ ಮುಕ್ಕಾಲು ಗಂಟೆ ಮಾತಾಡಿ, ಕೊನೆಗೆ ಏನಾದರೂ ಕೇಳುವುದಿದೆಯೇ ಅನ್ನುತ್ತಿದ್ದೆ. ಎಲ್ಲರೂ ಒಂದೇ ದನಿಯಲ್ಲಿ "ಇಲ್ರೀ ಸರ" ಅನ್ನುತ್ತಿದ್ದರು. ಶಿಸ್ತು ಛಲೋ ಇದೆ ಎಂದು ನಾನು ಹಿಗ್ಗುತ್ತಿದ್ದೆ. ಪ್ರತಿ ಶನಿವಾರ ಇಬ್ಬರು ಮೂವರಿಗೆ ಹೊಟ್ಟೆನೋವು ಬರುತ್ತಿತ್ತು. ಅದಕ್ಕೂ ಸಭೆಗೂ ಸಂಬಂಧವಿದೆ ಎಂದು ನನಗೆ ಹೊಳೆದದ್ದು ತಡವಾಗಿ.

ಎರಡನೆಯ ವರ್ಷ ಹೇಮಗುಡ್ಡದಲ್ಲಿ ಎರಡು ದಿನದ ಶಿಬಿರ ಮಾಡಿದೆವು. ಮೊದಲ ದಿನವೇ ಧೂಳಿಗೂ ನನ್ನ ಕೂಗಾಟಕ್ಕೂ ಗಂಟಲು ಕಟ್ಟಿತು. ಮರುದಿನ ಬೆಳಿಗ್ಗೆ ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಮಕ್ಕಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಆಗ ಏಳನೆಯ ತರಗತಿಯಲ್ಲಿದ್ದ ಈ ಹುಡುಗಿ ಎದ್ದು, ಅಡುಗೆಗೆ ಯಾರು, ನೀರಿಗೆ ಯಾರು ಎಂದು ಕೇಳತೊಡಗಿದಳು. ದೊಡ್ಡ ಹುಡುಗರು ಮೊದಲು ಬಾಯಿ ಹಾಕಿ ಹಗುರ ಕೆಲಸಗಳನ್ನೆಲ್ಲ ತಾವೇ ಹಿಡಿದರು. ಅವಳು ಅವರನ್ನು ತಡೆದಳು. ಆ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ.

"ಸಣ್ಣಾವ್ರು ಮೊದಲ ಹೇಳ್ಲಿ. ನೀವು ಹೇಳಿದ ಮ್ಯಾಲ ಅವ್ರು ಹೂಂ ಅಂತಾರ ಅಷ್ಟ."

ಆ ದಿನ ಸಭೆ ಹನ್ನೆರಡು ನಿಮಿಷಕ್ಕೆ ಮುಗಿಯಿತು. ಪಾತ್ರೆ ತಿಕ್ಕುವ ಕೆಲಸ ಅತಿ ದೊಡ್ಡ ಹುಡುಗನ ಪಾಲಿಗೆ ಬಂತು. ಅವನು ಗೊಣಗಿದ, ಉಳಿದವರು ನಕ್ಕರು, ಪಾತ್ರೆಗಳು ಬೆಳಗಿದವು. ಬಂಡೆಯ ಮೇಲೆ ಕುಳಿತು ಬಿಸಿನೀರು ಕುಡಿಯುತ್ತಿದ್ದ ನನಗೆ ನಾಚಿಕೆಯಾಯಿತು. ಒಂದು ವರ್ಷ ನನ್ನ ಗಂಟಲೇ ಆ ಮಕ್ಕಳ ದಾರಿಗೆ ಅಡ್ಡ ನಿಂತಿತ್ತು.

ಊರಿಗೆ ಬಂದ ಮೇಲೆ ಅದೇ ನಿಯಮವಾಯಿತು. ಪ್ರತಿ ವಿಷಯಕ್ಕೂ ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಬೇಕು. ಆಮೇಲೆ ವಯಸ್ಸಿನ ಏರಿಕೆಯಂತೆ ಪಾಳಿ. ನನ್ನದು ಎಲ್ಲರದ್ದೂ ಮುಗಿದ ಮೇಲೆ. ಕುದುರೆ ಲಾಳದ ಆಕಾರದಲ್ಲಿ ಕೂಡ್ರುವುದು, ತಡವಾಗಿ ಬಂದವರು ಸಾಲಿನ ತುದಿಗೆ ಹೋಗುವುದು. ಯಾವ ಕೆಲಸ, ಯಾರು, ಯಾವಾಗ ಎಂದು ಪುಸ್ತಕದಲ್ಲಿ ಬರೆಯುವುದು. ನಡುವೆ ಒಂದು ಆಟ ಇರಲೇಬೇಕು. ಧ್ವಜದ ಕಂಬದ ನೆರಳು ನೆಲದ ಮೇಲೆ ಎಳೆದ ಸುಣ್ಣದ ಗೆರೆ ಮುಟ್ಟಿತೆಂದರೆ ಸಭೆ ಮುಗಿಯಿತು, ಮಾತು ಅರ್ಧಕ್ಕೇ ಇದ್ದರೂ ಸರಿ. ಆ ಗೆರೆಯನ್ನು ಹದಿನೈದು ದಿನಕ್ಕೊಮ್ಮೆ ಅಳಿಸಿ ಎಳೆಯಬೇಕಾಗುತ್ತಿತ್ತು. ಎಲ್ಲಿ ಎಳೆಯಬೇಕು ಎಂಬ ಜಗಳದಷ್ಟು ಮಜಾ ಮತ್ಯಾವುದರಲ್ಲೂ ಇರಲಿಲ್ಲ. ಶನಿವಾರದ ಹೊಟ್ಟೆನೋವುಗಳು ನಿಂತವು.

ಈಗ ಆ ಶನಿವಾರಕ್ಕೆ ಬರುತ್ತೇನೆ.

ಮಕ್ಕಳು ಹತ್ತೊಂಬತ್ತು ಮಂದಿ ಬೇವಿನ ಮರದ ಕೆಳಗೆ ಕುಳಿತಿದ್ದರು. ಲಾಳದ ಬಾಯಿ ದಕ್ಷಿಣಕ್ಕೆ, ಧ್ವಜದ ಕಂಬದ ಕಡೆಗಿತ್ತು. ನಾಯಕಿ ಆ ಬಾಯಲ್ಲಿ ಉತ್ತರಕ್ಕೆ ಮುಖ ಮಾಡಿ, ಅಂದರೆ ಮಕ್ಕಳಿಗೆ ಎದುರಾಗಿ ನಿಂತಿದ್ದಳು. ಶಾಲೆಯ ಗೇಟು ದಕ್ಷಿಣಕ್ಕಿದೆ. ಅದು ಅವಳ ಬೆನ್ನ ಹಿಂದೆ. ನಾನಿದ್ದದ್ದು ಅವಳ ಬಲಗಡೆ. ಅವಳ ಮುಖದ ಒಂದು ಬದಿ, ಬಲಗೈ, ಕೈಯಲ್ಲಿದ್ದ ಸೀಟಿ, ಈ ಮೂರೂ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು.

ಗೇಟಿನಿಂದ ಆ ಹಿರಿಯರು ಒಳಗೆ ಬಂದರು. ಸಮಿತಿಯ ಸದಸ್ಯರು, ಕುಷ್ಟಗಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟವರು. ಊರಲ್ಲಿ ಎಲ್ಲರೂ ಅವರನ್ನು ಧಣ್ಯಾರ ಎನ್ನುತ್ತಾರೆ. ಅವರನ್ನು ಕಂಡ ಕೂಡಲೇ ಮಕ್ಕಳು ಎದ್ದು ನಿಂತರು. ಹಿರಿಯರು ಬಂದರೆ ಎದ್ದು ನಿಲ್ಲುವುದು ಅವರಿಗೆ ಮನೆಯಿಂದ ಬಂದ ರೂಢಿ. ನಾಯಕಿಗೆ ಕಂಡದ್ದು ಎದ್ದ ಮಕ್ಕಳು ಮಾತ್ರ. ಅವಳು ಒಂದು ಸಲ ಚಿಕ್ಕದಾಗಿ ಸೀಟಿ ಊದಿದಳು. ಚಿಕ್ಕ ಸೀಟಿ ಎಂದರೆ ಇದ್ದ ಜಾಗದಲ್ಲಿ ಕೂಡ್ರಿ ಎಂದು. ಊದಿದಾಗ ಅವಳ ಬೆನ್ನು ಅವರ ಕಡೆಗಿತ್ತು. ಅವರು ಅವಳಿಂದ ಹತ್ತು ಹನ್ನೆರಡು ಹೆಜ್ಜೆ ಹಿಂದಿದ್ದರು. ಇದನ್ನು ಮಾತ್ರ ನಾನು ಅಳೆದಿಲ್ಲ. ಮಕ್ಕಳು ಕೂಡ್ರಲಿಲ್ಲ. ಆಗ ಅವಳು ತಿರುಗಿ ನೋಡಿದಳು, ಸೀಟಿ ಬಾಯಿಂದ ಬಿಟ್ಟಳು, ಎರಡೂ ಕೈ ಮುಗಿದಳು.

ಸೀಟಿ ಊದಿದ್ದು ಅದೊಂದೇ ಸಲ. ಮತ್ತೆ ಊದಲಿಲ್ಲ.

ಧಣ್ಯಾರ ನಿಂತಲ್ಲೇ ಮಾತು ಶುರು ಮಾಡಿದರು. ಅವರ ಹೊಸ ಕಲ್ಯಾಣ ಮಂಟಪದ ಉದ್ಘಾಟನೆಗೆ ದೊಡ್ಡವರೊಬ್ಬರು ಬರುವವರಿದ್ದರು. ನಮ್ಮ ಮಕ್ಕಳು ಸಮವಸ್ತ್ರದಲ್ಲಿ ಹೂ ಹಿಡಿದು ಎರಡು ಸಾಲಾಗಿ ನಿಲ್ಲಬೇಕು. ಅವರು ಹೇಳಿದ ದಿನವೇ ಹನುಮಮಾಲೆ ಹಾಕಿದವರು ಅಂಜನಾದ್ರಿ ಹತ್ತುವ ದಿನವಾಗಿತ್ತು. ಹನುಮನಹಳ್ಳಿಗೆ ಹೋಗಿ ಬೆಟ್ಟದ ಬುಡದಲ್ಲಿ ನೀರು ಕೊಡುವ, ಗುಂಪಿನಲ್ಲಿ ತಪ್ಪಿಸಿಕೊಂಡ ಚಿಕ್ಕ ಮಕ್ಕಳನ್ನು ಹಿಡಿದು ಕೂಡಿಸುವ ಕೆಲಸಕ್ಕೆ ನಮ್ಮ ದಳ ತಿಂಗಳಿಂದ ತಯಾರಾಗುತ್ತಿತ್ತು.

ನಾಯಕಿ ಅವರ ಮಾತು ಮುಗಿಯುವವರೆಗೆ ಕಾದಳು. ಆಮೇಲೆ ಹೇಳಿದಳು: "ಧಣ್ಯಾರ, ಇದನ್ನ ಮೂರನೇ ವಿಷಯ ಅಂತ ಬರಕೋತೀವ್ರಿ. ಇಲ್ಲಿ ಸಣ್ಣಾವ್ರು ಮೊದಲ ಮಾತಾಡ್ತಾರ. ನೀವು ಎಲ್ಲಾರಗಿಂತ ಹಿರೇರು, ಕಡೀ ಪಾಳಿ ನಿಮ್ದ್ರಿ. ಬರ್ರಿ, ಕೂಡ್ರಿ."

ನಾನು ಮುಂದೆ ಹೋಗಿ ಏನಾದರೂ ಹೇಳಬೇಕಾಗಿತ್ತು. ಹೋಗಲಿಲ್ಲ, ಏಳು ಹೆಜ್ಜೆ ದೂರದಲ್ಲೇ ನಿಂತೆ. ಅವಳ ಮೇಲಿನ ನಂಬಿಕೆಯಿಂದ ನಿಂತೆನೋ, ಅವರ ಹೆದರಿಕೆಯಿಂದಲೋ ಎಂದು ಇವತ್ತಿಗೂ ನನಗೆ ಖಚಿತವಿಲ್ಲ. ಎರಡನೆಯದೇ ಇರಬೇಕು.

ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ಮಾಡಿದ್ದನ್ನು ಊರಿನ ಕಥೆಯಲ್ಲಿ ಯಾರೂ ಹೇಳುವುದಿಲ್ಲ. ಅವರು ನಕ್ಕರು. "ಆತವಾ, ಇವತ್ತ ನಿನ್ನ ಕಾರಬಾರು" ಎಂದು ಚಪ್ಪಲಿ ಬಿಟ್ಟು, ಧೋತರ ಎತ್ತಿಕೊಂಡು, ಚಾಪೆಯ ತುದಿಯಲ್ಲಿ ಕುಳಿತರು. ಅವರ ಪಕ್ಕಕ್ಕೆ ಕುಳಿತಿದ್ದವನು ದಳದ ಎಲ್ಲರಿಗಿಂತ ಚಿಕ್ಕವನು, ಆರನೆಯ ತರಗತಿ. ಹಗ್ಗ, ಪುಸ್ತಕ, ಕಾಗದ ಇಡುವ ತಗಡಿನ ಪೆಟ್ಟಿಗೆ ಅವನ ಸುಪರ್ದಿಯಲ್ಲಿತ್ತು.

ಮುಂದಿನದು ಆಟ. ಟವೆಲ್ಲಿನ ಕೆಳಗೆ ಇಪ್ಪತ್ತು ವಸ್ತು ಇಟ್ಟು, ಒಂದು ನಿಮಿಷ ತೆರೆದು ತೋರಿಸಿ ಮತ್ತೆ ಮುಚ್ಚುವುದು. ನೆನಪಿದ್ದದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕೆಳಗೆ ಹೆಸರು ಹಾಕಬೇಕು. ಬೀಗ, ಸಜ್ಜೆಯ ತೆನೆ, ಹರಿದ ಬಸ್ ಟಿಕೆಟ್ಟು, ಹಲ್ಲು ಮುರಿದ ಬಾಚಣಿಗೆ, ಇಂಥವು. ಚಿಕ್ಕವನು ಧಣ್ಯಾರ ಕೈಗೂ ಒಂದು ಚೀಟಿ ಕೊಟ್ಟ. ಅವರು ಜೇಬಿನಿಂದ ಪೆನ್ನು ತೆಗೆದು, ಮಂಡಿಯ ಮೇಲೆ ಕಾಗದ ಇಟ್ಟು ಬರೆದರು. ಮಕ್ಕಳಲ್ಲಿ ಹೆಚ್ಚು ಬರೆದವರದು ಹದಿನೈದು. ಅವರದು ಹದಿನೇಳು. ಮಕ್ಕಳು ಚಪ್ಪಾಳೆ ತಟ್ಟಿದರು. ಅವರ ಮುಖ ಅರಳಿದ್ದನ್ನು ನಾನು ನೋಡಿದೆ.

"ಅಂಗಡ್ಯಾಗ ಐನೂರು ನಮೂನಿ ಸಾಮಾನ ಅದಾವ," ಎಂದರು. "ಯಾವುದು ಎಲ್ಲೈತಿ ಅಂತ ಕಣ್ಣು ಮುಚ್ಚಿ ಹೇಳತೇನಿ. ನಾ ಒಮ್ಮೆ ನೋಡಿದ್ದು ಮರಿಯೂದುಲ್ಲ."

ಮೂರನೆಯ ವಿಷಯ ಬಂತು. ಚಿಕ್ಕವನು ಎದ್ದ. ಹೋದ ವರ್ಷ ಇಂಥದೇ ಒಂದು ಸಮಾರಂಭದಲ್ಲಿ ಬಿಸಿಲಿಗೆ ಎರಡು ತಾಸು ನಿಂತು ಅವನ ಅಕ್ಕ ತಲೆ ತಿರುಗಿ ಬಿದ್ದಿದ್ದಳಂತೆ. ಬಂದ ದೊಡ್ಡವರು ಕಾರಿನಿಂದ ಇಳಿದು ಹೂವನ್ನೂ ನೋಡದೆ ಒಳಗೆ ಹೋದರಂತೆ. ಇಷ್ಟು ಹೇಳಿ ಅವನು ಕುಳಿತ. ಉಳಿದವರು ಒಬ್ಬೊಬ್ಬರೇ ಹೇಳಿದರು. ಇಬ್ಬರು ಮಂಟಪಕ್ಕೇ ಹೋಗೋಣ, ಊಟ ಛಲೋ ಇರುತ್ತದೆ ಎಂದರು. ನನ್ನ ಪಾಳಿಯಲ್ಲಿ, ನಿಮ್ಮ ತೀರ್ಮಾನವೇ ನನ್ನದು ಎಂದೆ. ಅದು ಧೈರ್ಯದ ಮಾತಲ್ಲ, ಜಾರಿಕೊಳ್ಳುವ ಮಾತು. ಕಡೆಯ ಪಾಳಿ ಧಣ್ಯಾರದು. ಅವರು ಎದ್ದು ಧೋತರ ಜಾಡಿಸಿಕೊಂಡು, ಗುಡ್ಡಕ್ಕೇ ಹೋಗ್ರಿ, ದೇವರ ಕೆಲಸ ಎಂದರು. ದನಿ ಸಣ್ಣಗಿತ್ತು, ಸಿಟ್ಟು ಇರಲಿಲ್ಲ. ನೆರಳು ಗೆರೆ ಮುಟ್ಟಿತು. ಅವರು ಹೋದರು.

ಇಷ್ಟು ಆದದ್ದು. ಇದಕ್ಕಿಂತ ಹೆಚ್ಚು ಆಗಲಿಲ್ಲ.

ಅವರ ಮನಸ್ಸು ತಿರುಗಿದ್ದು ಹೋಟೆಲಿನಲ್ಲಿ ಎಂದು ಆಮೇಲೆ ತಿಳಿಯಿತು. ರಸ್ತೆಯಿಂದ ಕಂಪೌಂಡಿನ ಮೇಲೆ ಇಣುಕಿದ ಯಾರೋ, ದರ್ಜಿಯ ಮಗಳು ಧಣಿಯನ್ನು ನೆಲಕ್ಕೆ ಕೂಡಿಸಿದಳು ಎಂದು ಹೋಗಿ ಹೇಳಿದ್ದರು. ಸಂಜೆ ಚಹಾಕ್ಕೆ ಕುಳಿತವರು, ಏನು ಧಣ್ಯಾರ, ಮತ್ತೆ ಶಾಲೆಗೆ ಹೆಸರು ಹಚ್ಚಿದಿರಂತೆ ಎಂದು ಚುಡಾಯಿಸಿದರಂತೆ. ಕುಳಿತದ್ದನ್ನು ನಗುತ್ತಲೇ ಒಪ್ಪಿಕೊಂಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು, ನಾನು ಕೂಡಲಿಲ್ಲ, ಆ ಹುಡುಗಿ ಮುಖಕ್ಕೆ ಸೀಟಿ ಊದಿದಳು, ಹಾಗೇ ತಿರುಗಿ ಬಂದೆ ಎಂದರು.

ಸೋಮವಾರ ಹೆಡ್‌ಮಾಸ್ತರರು ನನ್ನನ್ನು ಕರೆದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹೇಳಿಕೆ ಇತ್ತು. ದಳದ ನಾಯಕಿ ಹಿರಿಯರಿಗೆ ಅಗೌರವ ತೋರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವಳನ್ನು ತೆಗೆದು ಸೀಟಿ ವಾಪಸು ಪಡೆಯುತ್ತೇನೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಗೆ ಜಾಗ. ಹೆಡ್‌ಮಾಸ್ತರರು ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಸಮಿತಿಯೊಡನೆ ಜಗಳ ಅವರಿಗೆ ಬೇಡವಾಗಿತ್ತು. ಒಂದು ಸೀಟಿಯ ಮಾತು ಅಲ್ಲವೇ, ಮಗುವಿಗೆ ಏನು ಕಮ್ಮಿಯಾಗುತ್ತದೆ ಎಂದರು.

ನಾನು ಪೆನ್ನು ತೆಗೆದೆ. ಸಹಿಯ ಮೊದಲ ಅಕ್ಷರ ಬರೆದೆ. ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನೂ ಯಾರೂ ನಂಬಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಎರಡನೆಯ ಅಕ್ಷರಕ್ಕೆ ಮುನ್ನ "ಕಣ್ಣಾರೆ" ಎಂಬ ಪದದ ಮೇಲೆ ದೃಷ್ಟಿ ಬಿತ್ತು. ಕೈ ಅಲ್ಲೇ ನಿಂತಿತು. ಶನಿವಾರ ಸಭೆ ಇದೆ ಸರ, ಅಲ್ಲಿಯವರೆಗೆ ಟೈಮ್ ಕೊಡಿ ಎಂದು ಕೇಳಿ ಹೊರಗೆ ಬಂದೆ.

ಅಷ್ಟರಲ್ಲಿ ಹುಡುಗಿಗೂ ಮಾತು ಮುಟ್ಟಿತ್ತು. ನಾನು ಹೋದಾಗ ಅವಳಪ್ಪ ಅಂಗಡಿಯಲ್ಲಿ ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಸೀಟಿ ಕೊಟ್ಟುಬಿಡಲಿ ಸರ, ನಾವು ಈ ಊರಾಗ ಬಾಳೇ ಮಾಡಬೇಕು ಎಂದರು. ಹುಡುಗಿ ಹೊಲಿಗೆ ಯಂತ್ರದ ಹಿಂದೆ ನಿಂತು ಕೇಳುತ್ತಿದ್ದಳು. ಕೊಟ್ಟರೆ ಊದಿದ್ದು ಖರೇ ಆಗುತ್ತದಲ್ಲ ಎಂದಳು. ಸಭೆ ಹೇಳಿದರೆ ಕೊಡುತ್ತೇನೆ, ಮತ್ತ್ಯಾರು ಹೇಳಿದರೂ ಕೊಡುವುದಿಲ್ಲ ಎಂದಳು.

ಶನಿವಾರದ ಸಭೆಯ ಮೊದಲ ವಿಷಯವನ್ನು ಪುಸ್ತಕದಲ್ಲಿ ಅವಳೇ ಬರೆದಿದ್ದಳು: ನಾಯಕಿಯ ಸೀಟಿ ವಾಪಸು ಪಡೆಯಬೇಕೋ ಬೇಡವೋ. ತನ್ನದೇ ವಿಷಯಕ್ಕೆ ತಾನು ಸಭೆ ನಡೆಸಬಾರದೆಂದು ಸೀಟಿಯನ್ನು ಕೊರಳಿನಿಂದ ತೆಗೆದು ಚಾಪೆಯ ನಡುವೆ ಇಟ್ಟಳು. ಹತ್ತನೆಯ ತರಗತಿಯ ಹುಡುಗನಿಗೆ ಜಾಗ ಬಿಟ್ಟು ತಾನು ಸಾಲಿನಲ್ಲಿ ಹೋಗಿ ಕುಳಿತಳು. ಹೆಡ್‌ಮಾಸ್ತರರು ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು.

ಚಿಕ್ಕವನ ಪಾಳಿ ಮೊದಲು. ಅವನು ಎದ್ದ. ತಗಡಿನ ಪೆಟ್ಟಿಗೆ ತೆರೆದು, ಹೋದ ವಾರದ ಚೀಟಿಗಳ ಕಟ್ಟು ಬಿಚ್ಚಿ, ಒಂದನ್ನು ಹುಡುಕಿ ತೆಗೆದು ಸೀಟಿಯ ಪಕ್ಕ ಇಟ್ಟ. ನೀಲಿ ಶಾಯಿಯ ದೊಡ್ಡವರ ಅಕ್ಷರ. ಬೀಗದಿಂದ ಬಾಚಣಿಗೆಯವರೆಗೆ ಹದಿನೇಳು ವಸ್ತು, ಕೆಳಗೆ ಹೆಸರು. ಆಮೇಲೆ ಅವನು ವರಾಂಡದ ಕಡೆ ತಿರುಗಿ ಕೇಳಿದ.

"ಮಾರಿಗೆ ಸೀಟಿ ಊದಿಸ್ಕೊಂಡಾವ್ರು ಆಟ ಆಡ್ಕೋಂತ ಕೂಡ್ತಾರೇನ್ರಿ ಸರ?"

ಆ ಚೀಟಿ ಪೆಟ್ಟಿಗೆಯಲ್ಲಿದೆ ಎಂಬುದು ವಾರವಿಡೀ ನನಗೆ ಹೊಳೆದಿರಲಿಲ್ಲ. ನನ್ನ ಪಾಳಿ ಮೊದಲಿದ್ದಿದ್ದರೆ ನಾನು ಏನೋ ನಯದ ಮಾತಾಡಿ ಎಲ್ಲವನ್ನೂ ತಣ್ಣಗೆ ಮಾಡಿಬಿಡುತ್ತಿದ್ದೆ. ಚೀಟಿ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು.

ಆಮೇಲೆ ಮಕ್ಕಳು, ಆಟದಲ್ಲಿ ಬರೆದಂತೆಯೇ, ಒಬ್ಬರದೊಬ್ಬರು ನೋಡದೆ ಅಂದು ಕಂಡದ್ದನ್ನು ಬರೆದರು. ಧಣ್ಯಾರ ಶಾಲು ಕೆಲವರಿಗೆ ಹಸಿರು, ಕೆಲವರಿಗೆ ಹಳದಿ. ಅವರು ಚಪ್ಪಲಿ ಬಿಟ್ಟದ್ದು ಮರದ ಯಾವ ಬದಿಗೆ ಎಂಬುದರಲ್ಲೂ ಭಿನ್ನ ಇತ್ತು. ಆದರೆ ಸೀಟಿ ಒಂದೇ ಸಲ, ಆಗ ಅವಳ ಬೆನ್ನು ಅವರ ಕಡೆಗಿತ್ತು, ಅವರು ಕುಳಿತರು, ಆಡಿದರು, ಗುಡ್ಡಕ್ಕೆ ಹೋಗಿ ಎಂದರು, ಇಷ್ಟರಲ್ಲಿ ಒಬ್ಬರದೂ ತಪ್ಪಿರಲಿಲ್ಲ.

ನನ್ನ ಪಾಳಿ ಬಂತು. ಎದ್ದು ನಿಂತೆ. ವರಾಂಡಕ್ಕೂ ಕೇಳುವಂತೆ ಹೇಳಿದೆ: "ನಾನು ಏಳು ಹೆಜ್ಜಿ ದೂರ ಇದ್ದೆ. ಈಕಿ ಯಾರ ಮುಖಕ್ಕೂ ಊದಿಲ್ಲ. ಸೀಟಿ ತೆಗೀಬೇಕಂದ್ರ ಮೊದಲ ನನ್ನ ತೆಗೀರಿ."

ಹತ್ತನೆಯ ತರಗತಿಯ ಹುಡುಗ ಸೀಟಿ ಎತ್ತಿ ಅವಳ ಕೈಗೆ ಕೊಟ್ಟ. ಅವಳು ಅದನ್ನು ಕೊರಳಿಗೆ ಹಾಕಿಕೊಂಡು, ಎರಡನೆಯ ವಿಷಯ ಯಾವುದು ಎಂದು ಕೇಳಿದಳು.

ಮಕ್ಕಳ ಹತ್ತೊಂಬತ್ತು ಹಾಳೆ, ನನ್ನದೊಂದು, ಮೇಲೆ ಆ ಚೀಟಿಯ ನಕಲು, ಇಷ್ಟನ್ನು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟೆ. ಅವರು ಓದಿದರು. ಟೈಪು ಮಾಡಿದ ಹೇಳಿಕೆಯನ್ನು ನನ್ನ ಒಂದಕ್ಷರದ ಸಹಿಯ ಸಮೇತ ಹರಿದರು. ಸಮಿತಿ ಸುಮ್ಮನಿರಲಿಲ್ಲ. ಒಂದು ತಿಂಗಳೊಳಗೆ ದಳದ ಹೊಣೆ ನನ್ನಿಂದ ಹೋಯಿತು, ಮುಂದಿನ ವರ್ಷ ಗಂಗಾವತಿಯ ಕಡೆಗೆ ವರ್ಗವಾಯಿತು. ಆದರೆ ಅವಳ ಸೀಟಿಗೆ ಯಾರೂ ಕೈ ಹಾಕಲಿಲ್ಲ. ಅದಕ್ಕೆ ಕೈ ಹಾಕಬೇಕಾದರೆ ಇಪ್ಪತ್ತು ಹಾಳೆಗಳಿಗೆ ಉತ್ತರ ಹೇಳಬೇಕಾಗಿತ್ತು. ದಳ ಹನುಮನಹಳ್ಳಿಗೆ ಹೋಯಿತು. ಗುಂಪಿನಲ್ಲಿ ತಪ್ಪಿಸಿಕೊಂಡ ಆರು ಮಕ್ಕಳನ್ನು ಅವರವರ ಮನೆಯವರಿಗೆ ಒಪ್ಪಿಸಿತು. ನನ್ನ ಜಾಗಕ್ಕೆ ಬಂದ ಹೊಸ ಮಾಸ್ತರರು ಮೊದಲ ಸಭೆಯಲ್ಲೇ ಭಾಷಣಕ್ಕೆ ಎದ್ದಾಗ ಚಿಕ್ಕವನು ಕೈ ಎತ್ತಿದನಂತೆ. ಅವರು ಕುಳಿತರಂತೆ. ಇದನ್ನು ನಾನು ಕಂಡಿಲ್ಲ, ಕೇಳಿದ್ದು.

ಆ ಶನಿವಾರ ಅಲ್ಲಿದ್ದು ಕಂಡವರು ಎಲ್ಲರೂ ಇದ್ದಾರೆ, ಹೋಗಿ ಕೇಳಬಹುದು. ಬಿಸಿಯೂಟದ ಪಾತ್ರೆ ತೊಳೆಯುತ್ತ ನಲ್ಲಿಯ ಹತ್ತಿರ ಕುಳಿತಿದ್ದ ಅಡುಗೆಯವ್ವ ಇದ್ದಾರೆ. ಕಿವಿ ಮಂದ, ಕಣ್ಣು ಚುರುಕು. ಆ ಚಿಕ್ಕವನು ಈಗ ಒಂಬತ್ತನೆಯ ತರಗತಿಯಲ್ಲಿದ್ದಾನೆ, ಪೆಟ್ಟಿಗೆ ಇನ್ನೂ ಬೇರೆಯವರಿಗೆ ಕೊಟ್ಟಿಲ್ಲ. ಅಂದು ಸೀಟಿ ಎತ್ತಿಕೊಟ್ಟ ಹುಡುಗ ಕೊಪ್ಪಳದಲ್ಲಿ ಓದುತ್ತಿದ್ದಾನೆ. ಹುಡುಗಿ ಕುಷ್ಟಗಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ, ದಿನಾ ಅದೇ ಕಬ್ಬಿಣದ ಅಂಗಡಿಯ ಮುಂದಿನಿಂದ, ತಲೆ ತಗ್ಗಿಸದೆ. ಆ ಅಂಗಡಿಯ ಗಲ್ಲೆಯ ಮೇಲೆ ಕೂಡುವ ಧಣ್ಯಾರ ಕೂಡ ಇದ್ದಾರೆ, ಗಟ್ಟಿಯಾಗಿದ್ದಾರೆ. ಅವರೂ ಕಂಡವರೇ. ಆ ದಿನ ಅಲ್ಲಿದ್ದವರೆಲ್ಲರಲ್ಲಿ ಹೆಚ್ಚು ನೆನಪಿಟ್ಟುಕೊಂಡವರು ಅವರು, ಇಪ್ಪತ್ತರಲ್ಲಿ ಹದಿನೇಳು.